ಪಾದ್ರಿಮನೆಯ ಐದನೆಯ ಕಿಟಕಿ

ಈ ಸಂಜೆ ಹೇಳಲೇಬೇಕಾದ ಮಾತೊಂದನ್ನು ನಾನು ಹೇಳದೆಯೇ ಕುಳಿತುಬಿಡುವವಳಿದ್ದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಹಿಂಜರಿಯಲು ದಾರಿಯಿರುವುದಿಲ್ಲ.

ಗ್ರಾಮ ಇತಿಹಾಸ ಸಂಘದ ಅಧ್ಯಕ್ಷರಾದ ಆಂಬ್ರೋಸ್ ಕಿಟ್ಸನ್ ಅವರೇ, ಹಳೆಯ ಪಾದ್ರಿಮನೆಯ ಈಗಿನ ಒಡತಿ ಹಿಲರಿ ಪ್ರೌಟ್ ಅವರೇ, ಚಹಾ ಆರುವ ಮೊದಲೇ ಬಂದು ಕುಳಿತ ಸಭಿಕರೇ,

ಆ ಮನೆಯನ್ನು ನೀವೆಲ್ಲ ಬಲ್ಲಿರಿ. ಜಾರ್ಜ್ ದೊರೆಗಳ ಕಾಲದ ಕೆಂಪು ಇಟ್ಟಿಗೆ, ನಟ್ಟನಡುವೆ ಬಾಗಿಲು, ಅದರ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಂಡ ಗಾಜು, ಮಹಡಿಯಲ್ಲಿ ಸಾಲಾಗಿ ಐದು ಕಿಟಕಿ. ಎಡತುದಿಯದು ಕಿಟಕಿಯಲ್ಲ. ಅದರ ಹಿಂದೆ ಆಗ ಇದ್ದದ್ದು ಬಟ್ಟೆ ಇಡುವ ಕತ್ತಲೆ ಕೋಣೆ. ಆದರೂ ಮನೆಯ ಮುಖಕ್ಕೆ ಒಂದು ಕಣ್ಣು ಕಡಿಮೆಯಾಗಬಾರದೆಂದು, ಕಟ್ಟಿಸಿದವರು ಗೋಡೆಯ ಮೇಲೆ ಕಿಟಕಿ ಬರೆಸಿದರು. ಕಪ್ಪು ಗಾಜು, ಬಿಳಿ ಚೌಕಟ್ಟು. ಕಿಟಕಿ ಎಣಿಸಿ ಹಾಕುತ್ತಿದ್ದ ಹಳೆಯ ತೆರಿಗೆ ತಪ್ಪಿಸಲು ಮುಚ್ಚಿದರೆಂದು ಹೇಳುವವರನ್ನು ನಂಬಬೇಡಿ. ಅಧ್ಯಕ್ಷರೇ, ಅವರಲ್ಲಿ ನೀವೂ ಒಬ್ಬರು.

ನನ್ನ ತಂದೆ ಈ ಊರಿನ ಪಾದ್ರಿಯಾಗಿದ್ದರು. ಮನೆ ನಮ್ಮದಲ್ಲ, ಹುದ್ದೆಯದು. ಒಂದು ಮೊಳೆ ಹೊಡೆಯಲೂ ಚರ್ಚಿನ ಅನುಮತಿ ಬೇಕಿತ್ತು. ಆ ಕಿಟಕಿಗೆ ಮಾತ್ರ ಪ್ರತಿ ವಸಂತದಲ್ಲೂ ಅಮ್ಮ ಏಣಿ ಹಾಕಿ ತಾನೇ ಬಣ್ಣ ಬಳಿಯುತ್ತಿದ್ದಳು. ಒಂದು ವರ್ಷ ಯಾರನ್ನೂ ಕೇಳದೆ, ಕಪ್ಪು ಗಾಜಿನೊಳಗೆ ಅರ್ಧ ಸರಿದ ಪರದೆಯೊಂದನ್ನು ಬರೆದಳು. ಅಂದಿನಿಂದ ಅಂಚೆಯ ಟೆಡ್ ಗ್ಯಾಪ್ ಆ ಗೋಡೆಗೆ ಟೋಪಿ ಎತ್ತತೊಡಗಿದ.

"ಅಮ್ಮಾವ್ರೇ, ಮೇಲಿಂದ ನೋಡ್ತಾ ಇದ್ರಿ, ಮಾತೇ ಆಡ್ಲಿಲ್ಲ. ಮುನಿಸೇನೋ ಅಂದ್ಕೊಂಡೆ."

"ಟೆಡ್, ಅದು ಗೋಡೆ ಕಣಪ್ಪ."

"ಇರ್ಲಿ ಬಿಡಿ. ಒಳ್ಳೇ ಗೋಡೆ. ನಿಮ್ಮ ಯಜಮಾನ್ರ ಹಾಗೆ ಉಪದೇಶ ಮಾಡಲ್ಲ."

ಹಿಲರಿಯವರ ಗಂಡ ಲಯನೆಲ್ ಈಗ ಹಾಸಿಗೆ ಹಿಡಿದು ಆ ಗೋಡೆಯ ಹಿಂದಿನ ಅದೇ ಕತ್ತಲೆ ಕೋಣೆಯಲ್ಲಿದ್ದಾರೆ. ಬೇರೆ ಕೋಣೆಗಳಿಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ಇವೆ. ಸ್ನಾನದ ಮನೆಗೆ ಅಂಟಿಕೊಂಡಿರುವುದು ಅದೊಂದೇ. ಸಂರಕ್ಷಿತ ಕಟ್ಟಡವಾದ್ದರಿಂದ, ಗೋಡೆ ಒಡೆದು ನಿಜವಾದ ಕಿಟಕಿ ಇಡಲು ಹಿಲರಿ ಜಿಲ್ಲಾ ಕಚೇರಿಯ ಅನುಮತಿ ಕೋರಿದ್ದಾರೆ. ಸಂಘ ವಿರೋಧಿಸುತ್ತಿದೆ, ಅಲ್ಲಿ ಬೆಳೆದವಳೆಂದು ನನ್ನಿಂದಲೂ ಒಂದು ವಿರೋಧಪತ್ರ ಕೇಳಿದೆ. ಅಮ್ಮನ ಕೈಯ ಬಣ್ಣ ಉಳಿಯಲಿ ಎಂದು ನಾನು ಹೂಂ ಅಂದಿದ್ದೆ. ಯಾರಿಗಾಗಿ ಉಳಿಯಬೇಕು? ಅಮ್ಮನಿಗಾಗಿಯೇ, ನನಗಾಗಿಯೇ?

ನಾನು ಹೇಳದೆ ಬಿಡಲಿದ್ದ ಮಾತು ಇದು. ತಂದೆ ತೀರಿಕೊಂಡರು, ಮನೆಯನ್ನು ಮುಂದಿನ ಪಾದ್ರಿಗೆ ಬಿಟ್ಟುಕೊಡಬೇಕಾಯಿತು. ಹೊರಡುವ ಬೆಳಿಗ್ಗೆ ಅಮ್ಮ ಆ ಕೋಣೆಯಲ್ಲಿ ನಿಂತು ಗೋಡೆಯ ಮೇಲೆ ಅಂಗೈ ಇಟ್ಟಳು.

"ಇದರಾಚೆ ಏನಿದೆ ಹೇಳು?"

"ನಿನ್ನ ಪರದೆ."

"ಅಲ್ಲ ಕಣೇ, ಪೆದ್ದಿ. ಸೇಬಿನ ತೋಟ. ಮನೆ ನಮ್ದಾಗಿದ್ರೆ ಬಂದ ದಿನಾನೇ ಒಡೆಸಿರ್ತಿದ್ದೆ."

ಈಗಲೂ ಕನಸಿನಲ್ಲಿ ನಾನು ಆ ಕೋಣೆಗೆ ಹೋಗುತ್ತೇನೆ. ಪರದೆ ತಾನಾಗಿ ಸರಿಯುತ್ತದೆ. ಸೇಬಿನ ಹೂವಿನ ಬೆಳಕು ನೆಲದ ಮೇಲೆ ಮೆಲ್ಲಗೆ ಹರಿದು ಹಾಸಿಗೆಯವರೆಗೆ ಬರುತ್ತದೆ. ಅಲ್ಲಿ ಮಲಗಿರುವವರು ಯಾರೆಂದು ಕಾಣುವಷ್ಟರಲ್ಲಿ ಎಚ್ಚರವಾಗುತ್ತದೆ.

ಆದ್ದರಿಂದ ಅಧ್ಯಕ್ಷರೇ, ನಾನು ಬರೆದಿರುವುದು ನೀವು ಕೇಳಿದ ಪತ್ರವಲ್ಲ. ಗೋಡೆ ಒಡೆಯಲಿ ಎಂದು ಬರೆದಿದ್ದೇನೆ. ಕೇಕು ತಂದವರಿಗೂ, ಬೇಸರವಾದರೂ ಎದ್ದುಹೋಗದೆ ಕೇಳಿದವರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.

ಪತ್ರವನ್ನು ಜಿಲ್ಲಾ ಕಚೇರಿಗೆ ಅಂಚೆಯಲ್ಲಿ ಕಳಿಸುವುದು ಸೋಮವಾರ, ಮೇ ಹನ್ನೆರಡರಂದು.