ಬೇಸ್ ಟೇಪ್ ಒಯ್ಯಲು ಬರುತ್ತಿದ್ದವರು

ನಾನು, ನಿರುಪಮಾ ಅರವಿಂದ ಕಟ್ಟಿ, ವಯಸ್ಸು 26, ಬಿ.ಎ., ಉದ್ಯೋಗ ಮನೆಗೆಲಸ, ಮೂಲ ಧಾರವಾಡ, ಸದ್ಯ ವಾಸ ನಾಶಿಕ್ ರೋಡ್, ರಾಧಾಬಾಯಿಯವರ ಮನೆಯ ಮೇಲಿನ ಮಹಡಿ, ಈ ಮೂಲಕ ಠಾಣೆಗೆ ತಿಳಿಸುವುದೇನೆಂದರೆ:

ಇಂದು ಭಾನುವಾರ ಮಧ್ಯಾಹ್ನ 3.40ಕ್ಕೆ ಖಟ್ ಎಂಬ ಸದ್ದಿಗೆ ನನಗೆ ಎಚ್ಚರವಾಯಿತು. ಗೇಟಿನ ಚಿಲಕ ಎಂದುಕೊಂಡು ಬರಿಗಾಲಲ್ಲಿ ಕೆಳಗೆ ಓಡಿದೆ. ಗೇಟು ಮುಚ್ಚಿತ್ತು. ಬಿಸಿಲಿಗೆ ಹಾಕಿದ ಕೌದಿ ಅಲುಗಾಡದೆ ಬಿದ್ದಿತ್ತು. ಮೇಲೆ ಬಂದ ಮೇಲೆ ತಿಳಿಯಿತು, ಅದು ಟೇಪ್ ಮುಗಿದು ರೆಕಾರ್ಡರಿನ ಗುಂಡಿ ಮೇಲೆದ್ದ ಸದ್ದು. ಆ ಟೇಪ್ ಒಯ್ಯಲೆಂದೇ ನನ್ನ ಪತಿ ಅರವಿಂದ ನಿನ್ನೆ ಮೋಟರ್ ಸೈಕಲ್ ಮೇಲೆ ಸಂಭಾಜಿನಗರದಿಂದ ಹೊರಟಿದ್ದಾರೆ. ಇನ್ನೂ ಬಂದಿಲ್ಲ.

ಠಾಣೆಯ ಹವಾಲ್ದಾರ್ ಸಾಯಬಣ್ಣ ಅವರು ಅಕ್ಕಲಕೋಟೆ ಕಡೆಯವರು, ಕನ್ನಡ ಬಲ್ಲವರು. ಮೊದಲಿನಿಂದ ಬರೆಯಿರಿ, ಕನ್ನಡದಲ್ಲೇ ಬರೆಯಿರಿ ಎಂದರು. ಅದರಂತೆ ಬರೆಯುತ್ತಿದ್ದೇನೆ.

ಪತಿಗೆ 30 ವರ್ಷ, ಬ್ಯಾಂಕಿನಲ್ಲಿ ಕ್ಲರ್ಕು, ವರ್ಗವಾಗಿ ಇಲ್ಲಿಗೆ ಬಂದವರು. 1993ರಲ್ಲಿ ಲಂಡನ್ನಿನ ಗೆಳೆಯರೊಬ್ಬರು ಅವರಿಗೆ ಒಂದು ಕ್ಯಾಸೆಟ್ ಕಳಿಸಿದರು. ಮೇಲೆ ಬಹಳ ವೇಗದ ಡ್ರಮ್, ಅದರ ಕೆಳಗೆ ಗುಮ್ಮೆಂದು ನಿಧಾನಕ್ಕೆ ಹರಿಯುವ ತಗ್ಗು ದನಿ, ಅಂದರೆ ಬೇಸ್. ಅದೇ ವಾರ ಎದುರಿನ ಕಟ್ಟಡದ ಕೆಲಸದಲ್ಲಿದ್ದ ಇಂಡಿ ತಾಲ್ಲೂಕಿನ ಮಾಳಪ್ಪ ಸಂಜೆ ಹಲಗೆ ಬಾರಿಸುತ್ತಿದ್ದ. ಪತಿ ಅದನ್ನು ರೆಕಾರ್ಡ್ ಮಾಡಿದರು. ಟಿ.ವಿ. ರಿಪೇರಿ ಮಾಡುವ ದತ್ತು ಅದನ್ನು ಹಳೆಯ ಕಂಪ್ಯೂಟರಿಗೆ ಹಾಕಿ, ಕತ್ತರಿಸಿ, ವೇಗ ಹೆಚ್ಚಿಸಿದ. ಮಾಳಪ್ಪ ಕೇಳಿ ನಕ್ಕ. "ಇದು ನಾ ಬಡದದ್ದಲ್ರಿ, ನಾಕ್ ಮಂದಿ ಮಾಳಪ್ಪ ಕೂಡಿ ಬಡದದ್ದು" ಎಂದ. ಮೂವರೂ ಸೇರಿ 'ಗೋದಾ ಬೇಸ್ ಮಂಡಳಿ' ಎಂದು ಹೆಸರಿಟ್ಟುಕೊಂಡರು.

1995ರಲ್ಲಿ ಮೊದಲ ಕ್ಯಾಸೆಟ್ ಆಯಿತು. ಮನ್ಮಾಡಿನಲ್ಲಿ ಒಂದು ತಾಸು ನುಡಿಸಿದ ಮೇಲೆ ಹಿರಿಯರೊಬ್ಬರು ಬಂದು, ಹಾಡು ಎಷ್ಟೊತ್ತಿಗೆ ಶುರು ಎಂದು ಕೇಳಿದರಂತೆ. ಮಾಲೇಗಾಂವಿನ ಮಗ್ಗದವರು, ಈ ಸದ್ದು ನಮಗೆ ದಿನಾ ಫುಕಟ್ ಸಿಗುತ್ತದೆ, ಕ್ಯಾಸೆಟ್ ಯಾಕೆ ಎಂದರಂತೆ. ಪತಿ ಆ ರಾತ್ರಿ ಮನೆಗೆ ಬರಲಿಲ್ಲ. ಮರುದಿನ ತಲೆಗೂದಲ ತುಂಬ ಹತ್ತಿಯ ಎಳೆ ಹೊತ್ತು ಬಂದರು. ಮಗ್ಗದ ಸದ್ದು ರೆಕಾರ್ಡ್ ಮಾಡುತ್ತ ಕೂತಿದ್ದರು. ಅದನ್ನು ಬಹಳ ನಿಧಾನ ಮಾಡಿ ಬೇಸ್ ಮಾಡಿದರು. ಕೇಳಿದರೆ ನೀರಿನೊಳಗೆ ಯಾರೋ ಉಸಿರಾಡಿದ ಹಾಗೆ.

ಕಳೆದ ಏಪ್ರಿಲ್‌ನಲ್ಲಿ ನಮ್ಮ ಮಗಳು ಮೃದುಲಾ ಹುಟ್ಟಿದಳು. ಅವಳಿಗೆ ನಿದ್ದೆ ಕಡಿಮೆ. ಆದರೆ ಬೇಸ್ ಹಚ್ಚಿದರೆ ಮಲಗುತ್ತಾಳೆ. ಅಂದಿನಿಂದ ಮಂಡಳಿಯವರ ಪದ್ಧತಿಯೇ ಅದಾಯಿತು. ಕೂಸು ಮಲಗಿದರೆ ಬೇಸ್ ಸರಿಯಾಯಿತು, ಎದ್ದರೆ ಮತ್ತೆ ಮಾಡಬೇಕು. "ಊರ ಕುಣಿಸಾಕ ಹೊಂಟೀವಿ, ಪಾಸ್ ಮಾಡಾಕಿ ನೋಡ್ರಿ ಗೊರಕಿ ಹೊಡ್ಯಾಕತ್ತಾಳ" ಎಂದು ಮಾಳಪ್ಪ ಚೇಷ್ಟೆ ಮಾಡುತ್ತಿದ್ದ. ಡ್ರಮ್ ಒಂದು ಟೇಪಿನಲ್ಲಿ, ಬೇಸ್ ಇನ್ನೊಂದರಲ್ಲಿ. ಕಾರ್ಯಕ್ರಮದಲ್ಲಿ ಎರಡನ್ನೂ ಒಟ್ಟಿಗೆ ನುಡಿಸುತ್ತಾರೆ.

ಸಂಭಾಜಿನಗರದ ಒಂದು ಕಾಲೇಜಿನಲ್ಲಿ ಇಂದು ಸಂಜೆ 7ಕ್ಕೆ ಅವರ ಕಾರ್ಯಕ್ರಮ. ನಿನ್ನೆ ಶನಿವಾರ ಬೆಳಿಗ್ಗೆ 7ಕ್ಕೆ ಜೀಪು ಬಂತು. ಮಗು ಆಗಷ್ಟೇ ಮಲಗಿತ್ತು. ಬೇಸ್ ಟೇಪ್ ತಲೆದಿಂಬಿನ ಬಳಿ ಓಡುತ್ತಿತ್ತು. ಕೆಳಗಿನಿಂದ ದತ್ತು, ಚಲಾ ಅರವಿಂದರಾವ್, ಉಶೀರ್ ಝಾಲಾ, ತಡವಾಯಿತು, ಎಂದು ಕೂಗುತ್ತಿದ್ದ. ಪತಿ ಗುಂಡಿಯ ಮೇಲೆ ಬೆರಳಿಟ್ಟರು, ಮಗುವನ್ನು ನೋಡಿದರು, ಬೆರಳು ತೆಗೆದರು. "ಇರ್ಲಿ ಬಿಡು. ದತ್ತೂನ ಹತ್ರ ಇದರ ಕಾಪಿ ಅದ. ನೀನೂ ಒಂದಿಷ್ಟು ಮಲ್ಕೋ" ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು.

ನಿನ್ನೆಯೇ ಮಧ್ಯಾಹ್ನ 2.50ಕ್ಕೆ ರಾಧಾಬಾಯಿಯವರ ಫೋನಿಗೆ ಮಾಳಪ್ಪ ಮಾತಾಡಿದ. "ಅಕ್ಕಾರ, ಕಾಪಿ ಟೇಪ್ ಮಷೀನ್ ನುಂಗೇತ್ರಿ. ಅಣ್ಣಾರು ದತ್ತೂನ ಮಾವನ ಗಾಡಿ ತಗೊಂಡು ಈಗ ಹೊಂಟ್ರು. ಮನ್ಯಾಗಿಂದು ಹಚ್ಚಬ್ಯಾಡ್ರಿ, ಅದೊಂದ ಉಳದದ" ಎಂದ. ದಾರಿ ಸುಮಾರು 190 ಕಿ.ಮೀ. ರಾತ್ರಿ 9ರೊಳಗೆ ಬರಬೇಕಿತ್ತು. ನಾನು ಟೇಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಾಗಿಲ ಮೊಳೆಗೆ ತೂಗುಹಾಕಿದೆ. ಅದಿಲ್ಲದೆ ಮಗು ಮಲಗಲಿಲ್ಲ, ನಾನೂ ಮಲಗಲಿಲ್ಲ.

ಇಂದು ಬೆಳಿಗ್ಗೆ ದತ್ತು ಫೋನಿನಲ್ಲಿ ಹೇಳಿದ್ದು: ವೈಜಾಪುರದಲ್ಲಿ ನಮ್ಮ ಪರಿಚಯದ ನಿಂಗಣ್ಣನ ಚಹಾ ಅಂಗಡಿ ಇದೆ. ಪತಿ ನಿನ್ನೆ 5ರ ಸುಮಾರಿಗೆ ಅಲ್ಲಿ ನಿಂತು ಎರಡು ಸಲ ಮುಖ ತೊಳೆದರು. ಕಣ್ಣು ಎಳೀತಾವ, ಇಲ್ಲೇ ಅಡ್ಡಾಗ್ರಿ ಎಂದು ನಿಂಗಣ್ಣ ಹೇಳಿದನಂತೆ. ಮನೆಯಲ್ಲಿ ಇಬ್ಬರೂ ಎಚ್ಚರ ಇರ್ತಾರೆ, ನಾನು ಹೇಗೆ ಮಲಗಲಿ ಎಂದು ಪತಿ ಹೊರಟರಂತೆ. ಆಮೇಲೆ ಅವರನ್ನು ಯಾರೂ ನೋಡಿಲ್ಲ.

ಇಂದು ಮಧ್ಯಾಹ್ನ 2.55ಕ್ಕೆ ಮಗುವಿನ ಅಳು ತಾಳಲಾರದೆ ಟೇಪ್ ಹಚ್ಚಿದೆ. ಇಬ್ಬರಿಗೂ ನಿದ್ದೆ ಹತ್ತಿತು. ಯೇವಲೆಯ ನೇಕಾರರ ಮನೆಯಲ್ಲಿ ಪತಿ ಮಗ್ಗದ ಕಟ್ಟಿಗೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಕನಸು ಹೇಳಿಕೆಯಲ್ಲಿ ಬರುವುದಿಲ್ಲ ಎಂದು ಹವಾಲ್ದಾರರು ಹೇಳಿದರು. ಆದರೂ ಬರೆದಿದ್ದೇನೆ.

ಸಂಜೆ ಠಾಣೆಗೆ ಬಂದಾಗ ಇಲ್ಲಿನ ಇನ್‌ಸ್ಪೆಕ್ಟರ್ ಸಾಹೇಬರು ಮಾಲೇಗಾಂವಿನ ಸಂಗತಿ ಕೇಳಿ ನಕ್ಕರು. ಯಾವುದೋ ಮಗ್ಗದ ಮುಂದೆ ಕೂತಿರುತ್ತಾರೆ, ಅತ್ತಿಗೆ, ನಾಳೆ ಬರುತ್ತಾರೆ ಎಂದರು. ಅದಕ್ಕೆ ನನ್ನ ಉತ್ತರ: ಅವರು ಸದ್ದು ಹಿಡಿಯಲು ಒಯ್ಯುವ ರೆಕಾರ್ಡರ್ ದತ್ತುವಿನ ಬಳಿಯೇ ಉಳಿದಿದೆ. ಅದಿಲ್ಲದೆ ಅವರು ಎಲ್ಲೂ ಸದ್ದಿಗಾಗಿ ನಿಂತವರಲ್ಲ. ಆದ್ದರಿಂದ ವೈಜಾಪುರದಿಂದ ಈ ಕಡೆಗೆ, ಯೇವಲೆ, ನಿಫಾಡದ ಆಸ್ಪತ್ರೆಗಳಲ್ಲಿ, ರಸ್ತೆ ಬದಿಯ ಕಾಲುವೆಗಳಲ್ಲಿ ಇಂದೇ ಹುಡುಕಿಸಬೇಕು. ಅವರ ಗುರುತು: ನೀಲಿ ಸ್ವೆಟರ್, ಕನ್ನಡಕ, ಎಡಗೈಗೆ ಮಗುವಿನ ಕಪ್ಪು ದಾರ.

ಇದಿಷ್ಟೂ ನಾನೇ ಬರೆದದ್ದು, ಓದಿ ನೋಡಿದ್ದೇನೆ, ನನಗೆ ತಿಳಿದ ಮಟ್ಟಿಗೆ ನಿಜ.

ಸ್ಥಳ: ನಾಶಿಕ್ ರೋಡ್
ದಿನಾಂಕ: 14-12-1997
ಸಹಿ: ನಿರುಪಮಾ ಅ. ಕಟ್ಟಿ

ಸಾಯಬಣ್ಣ ಅವರೇ, ಸಹಿಯ ಕೆಳಗೆ ಬರೆಯಬಾರದು ಎಂದು ಗೊತ್ತಿದೆ. ಟೇಪ್ ಮತ್ತೆ ಬಾಗಿಲ ಮೊಳೆಯ ಮೇಲಿದೆ, ಇವತ್ತೂ ಹಚ್ಚುವುದಿಲ್ಲ. ರಾಧಾಬಾಯಿಯವರು ಫೋನನ್ನು ಮೆಟ್ಟಿಲ ಬುಡಕ್ಕೆ ತಂದಿಟ್ಟಿದ್ದಾರೆ. ಮಗು ಏಳುತ್ತದೆಂದು ಸಂಕೋಚ ಬೇಡ, ಅದು ಎದ್ದೇ ಇರುತ್ತದೆ. ಸಿಕ್ಕರೂ ಸರಿ, ಸಿಗದಿದ್ದರೂ ಸರಿ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿರಿ.