ಹೆಂಡತಿಯ ಅಂಗೈ

ಚರ್ಮದ ಡಾಕ್ಟರ ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಮುದುಕಿಯ ಕಿವಿಯೆಲ್ಲ ಪಕ್ಕದ ಬೆಂಚಿನಲ್ಲಿ ಕೂತಿದ್ದ ಗಂಡ ಹೆಂಡತಿಯ ಮಾತಿನ ಮೇಲಿತ್ತು. ಗಂಡ ದೋಣಿ ಕಟ್ಟುವವನು. ಹೆಂಡತಿಯ ಅಂಗೈ ಎರಡೂ ಬಾತು ಬಿರಿದಿದ್ದವು.

“ಫೈಬರ್‌ಗ್ಲಾಸ್ ಮೇಲಿನ ಎಪಾಕ್ಸಿ ಅಂಟು ಗಟ್ಟಿಯಾಗೋ ಮುಂಚೆನೇ ನನ್ನ ಕೈಲಿ ಉಜ್ಜಿಸಿದ್ರಿ.”

“ದೋಣಿಯ ಇನ್ನೊಂದು ಪಕ್ಕ ಉಜ್ಜೋದು ಹಾಗೇ ಇದೆ.”

“ಗ್ಲೌಸ್ ಹಾಕ್ಕೊಳ್ಲಾ?”

“ಹಾಕ್ಕೊಂಡ್ರೆ ಉಬ್ಬು ತಗ್ಗು ಏನ್ ಗೊತ್ತಾಗುತ್ತೆ, ಮಣ್ಣು! ಬರಿಗೈಲೇ ಸವರಿ ನೋಡ್ಬೇಕು.”

“ನೀವೇ ಸವರಿ.”

“ನನ್ನ ಕೈ ಜಡ್ಡುಗಟ್ಟಿದೆಯಲ್ಲೇ.”

“ನನಗೂ ಈಗ ಏನೂ ತಿಳಿಯಲ್ಲ ರೀ. ಮಗು ಕೆನ್ನೆ ಮುಟ್ಟಿದ್ರೂ ತಿಳಿಯಲ್ಲ.”

ಅವನು ಯೋಚಿಸಿದ.

“ನಿನ್ನ ತಂಗಿ ಕೈ ಮೆತ್ತಗಿದೆ, ಅಲ್ವಾ?”

“ಬರೋ ತಿಂಗಳು ಅವಳ ಮದುವೆ ರೀ.”

“ಒಂದು ಪಕ್ಕ ತಾನೆ? ಅಷ್ಟರೊಳಗೆ ಮುಗಿಯುತ್ತೆ ಬಿಡು.”

ಒಳಗಿಂದ ಕರೆ ಬಂತು. ಅವಳು ಮೊಣಕೈಯಿಂದ ಬಾಗಿಲು ತಳ್ಳಿ ಹಿಡಿದಳು. ಅವನು ಮುಂದೆ ಹೋದ.