ಮಗಳ ಪ್ರಬಂಧದ ಹೆಸರು ಹೇಳಿದವರು

ಕಣ್ಣಾಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದ ಮುದುಕರು ಕಣ್ಣಿಗೆ ಔಷಧಿ ಬಿಡಿಸಿಕೊಂಡು, ರೆಪ್ಪೆ ಮುಚ್ಚಿಯೇ ಮಗಳ ಜೊತೆ ಮಾತಾಡುತ್ತಿದ್ದರು.

"ನಿನ್ನ ಕ್ಯಾನ್ಸರ್ ಪ್ರಬಂಧದ ಹೆಸರು ಹೇಳಿ ತಮ್ಮ ಪ್ರಬಂಧ ಬರೆದೋರು ಈಗ ಎಷ್ಟು ಜನ ಆದ್ರು?"

"ಆರುನೂರು ದಾಟಿತಪ್ಪ."

"ನೋಡು ಮತ್ತೆ. ನಿಮ್ಮ ಲ್ಯಾಬಲ್ಲಿ ಇನ್ಯಾರಿಗಿದೆ ಅಷ್ಟು?"

"ಅವರೆಲ್ಲ ಬರೆದಿರೋದು, ನಾನು ಕಂಡುಹಿಡಿದ ಔಷಧಿ ಕೆಲಸ ಮಾಡಲ್ಲ ಅಂತ."

ಮುದುಕರು ಮುಚ್ಚಿದ ಕಣ್ಣಲ್ಲೇ ಮಗಳ ಕಡೆ ತಿರುಗಿದರು.

"ನಿಮ್ಮಮ್ಮ ಆ ಔಷಧಿ ಬಂದೇ ಬರುತ್ತೆ ಅಂತ ಕೊನೇವರೆಗೂ ಕಾದಳು."

"ಅದು ಕೆಲಸ ಮಾಡಲ್ಲ ಅಂತ ಅಮ್ಮ ಇದ್ದಾಗಲೇ ನನಗೆ ಗೊತ್ತಾಗಿತ್ತಪ್ಪ. ದಿನಾ ಕೇಳೋಳು. ಇನ್ನೇನು ಬಂತಮ್ಮ ಅಂತಿದ್ದೆ."

"ನನಗಾದ್ರೂ ಹೇಳಬಾರದಿತ್ತಾ?"

"ನೀವೂ ಕಾಯ್ತಿದ್ರಲ್ಲಪ್ಪ."

ನರ್ಸ್ ಒಳಗೆ ಕರೆದಳು. ಮಗಳು ತೋಳು ಹಿಡಿದು ಎಬ್ಬಿಸಿದಳು. ಬಾಗಿಲು ಮುಟ್ಟುವವರೆಗೂ ಅವರು ಅವಳ ಕೈ ಸವರುತ್ತಲೇ ನಡೆದರು.